ಲಾಲ್‌ಬಾಗ್‌ಗೆ ಎರಡು ಸಲ ಹೋಗಿ: ಒಂದು ಫ್ಲವರ್ ಶೋಗೆ, ಇನ್ನೊಂದು ಮರಗಳಿಗೆ

ಜನವರಿ ಬಂತು ಅಂದರೆ ದಾವಣಗೆರೆಯಿಂದ ಚಿಕ್ಕಮ್ಮನ ಫೋನ್ ಬರುತ್ತದೆ. "ಫ್ಲವರ್ ಶೋ ಶುರುವಾತಂತೆ, ಈ ಸಲ ಏನ್ ಮಾಡ್ಯಾರ?"

ಕೆಲವು ವರ್ಷದ ಹಿಂದೆ ಅವರನ್ನು ಕರೆದುಕೊಂಡು ಹೋಗಿದ್ದೆ. ಹೋಗಿದ್ದು ಸರಿಯಾಗಿ ಜನವರಿ 26ಕ್ಕೆ, ಅದೂ ಮಧ್ಯಾಹ್ನ ಹನ್ನೆರಡು ಗಂಟೆಗೆ. ನನ್ನ ಬುದ್ಧಿಗೆ ಏನು ಹೇಳೋಣ. ಟಿಕೆಟ್‌ಗೆ ಒಂದು ಸಾಲು, ಗಾಜಿನ ಮನೆಗೆ ಇನ್ನೊಂದು ಸಾಲು. ಒಳಗೆ ಹೋದ ಮೇಲೆ ನಿಲ್ಲೋ ಹಾಗೇ ಇಲ್ಲ, ಹಿಂದಿನವರು ತಳ್ಳುತ್ತಾರೆ, ಮುಂದಿನವರು ಸೆಲ್ಫಿ ತೆಗೆಯುತ್ತಾರೆ, ಮಧ್ಯೆ ನಾವು ತೇಲಿಕೊಂಡು ಆಚೆ ಬಾಗಿಲಿನಿಂದ ಹೊರಗೆ ಬಿದ್ದೆವು. ಚಿಕ್ಕಮ್ಮ ಐದಡಿನೂ ಇಲ್ಲ. ಸೆರಗು ಸರಿ ಮಾಡಿಕೊಳ್ಳುತ್ತಾ ಕೇಳಿದರು: "ಹೂವು ಎಲ್ಲಿದ್ವು?"

ವಾಪಸ್ ಬರುವಾಗ ದಾರಿ ಪಕ್ಕ ಒಂದು ನಾಗಲಿಂಗ ಪುಷ್ಪದ ಮರ. ಬುಡದಿಂದಲೇ ಹೂವು ಬಿಟ್ಟಿತ್ತು. ಸುತ್ತ ಒಬ್ಬರೂ ಇಲ್ಲ. ಚಿಕ್ಕಮ್ಮ ಅಲ್ಲಿ ನಿಂತವರು ಹದಿನೈದು ನಿಮಿಷ ಅಲ್ಲಾಡಲಿಲ್ಲ. ಅವತ್ತು ನನಗೆ ಗೊತ್ತಾಗಿದ್ದು ಇಷ್ಟೇ, ಫ್ಲವರ್ ಶೋ ನೋಡೋದು ಬೇರೆ, ಲಾಲ್‌ಬಾಗ್ ನೋಡೋದು ಬೇರೆ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಎರಡೂ ಕೆಡುತ್ತವೆ. ಆಮೇಲಿಂದ ಬೇರೆ ಬೇರೆ ದಿನ ಹೋಗುತ್ತಿದ್ದೇನೆ. ನೀವೂ ಹೋಗೋದಾದರೆ ಹೇಗೆ, ಯಾವಾಗ, ಏನು ನೋಡಬೇಕು ಅಂತ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ತಿಂಗಳು ನೋಡಿ, ಆಮೇಲೆ ದಿನ

ಸುಮ್ನೆ ಭಾನುವಾರ ಬಿಡುವಿದೆ ಅಂತ ಹೊರಟರೆ ಹಸಿರು ಸಿಗುತ್ತದೆ, ಗಾಳಿ ಸಿಗುತ್ತದೆ, ವಿಶೇಷ ಏನೂ ಸಿಗದೇ ಇರಬಹುದು. ಬೆಂಗಳೂರಿನ ಮರಗಳಿಗೆ ಒಂದು ಸರದಿ ಇದೆ. ಇದು ತಾನಾಗಿ ಆದದ್ದಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕ್ರುಂಬಿಗಲ್ ಅನ್ನೋ ಜರ್ಮನ್ ತೋಟಗಾರ, ಲಾಲ್‌ಬಾಗ್ ನೋಡಿಕೊಳ್ಳುತ್ತಲೇ ಊರಿನ ರಸ್ತೆ ಬದಿಗೂ ಮರ ಆರಿಸಿದರು. ಒಂದು ಜಾತಿ ಹೂ ಬಿಟ್ಟು ಮುಗಿಸುವಷ್ಟರಲ್ಲಿ ಇನ್ನೊಂದು ಜಾತಿ ಶುರು ಮಾಡಬೇಕು, ವರ್ಷ ಪೂರ್ತಿ ಎಲ್ಲೋ ಒಂದು ಕಡೆ ಬಣ್ಣ ಇರಬೇಕು ಅನ್ನೋದು ಅವರ ಲೆಕ್ಕ. ಲಾಲ್‌ಬಾಗ್ ಪಕ್ಕದಲ್ಲೇ ಅವರ ಹೆಸರಿನ ರಸ್ತೆ ಇದೆ. ಎಷ್ಟೋ ಜನ ದಿನಾ ಅದರಲ್ಲೇ ಓಡಾಡಿದರೂ ಹೆಸರು ಯಾರದ್ದು ಅಂತ ಕೇಳಿರುವುದಿಲ್ಲ.

ಈ ಸರದಿಯನ್ನು ನಾನು ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಪೆನ್ಸಿಲ್ ಯಾಕೆಂದರೆ ಮಳೆ ಹಿಂದೆ ಮುಂದೆ ಆದರೆ ಹೂವೂ ಎರಡು ಮೂರು ವಾರ ಹಿಂದೆ ಮುಂದೆ ಆಗುತ್ತದೆ.

ಜನವರಿ ಕೊನೆಯಿಂದ ಫೆಬ್ರವರಿವರೆಗೆ ಎಲೆ ಉದುರಿಸಿಕೊಂಡು ಬರೀ ಹೂವು ಹೊತ್ತು ನಿಲ್ಲುವ ಮರಗಳ ಕಾಲ. ಕೆಂಪು ಬೂರುಗ, ಹಾಲವಾಣ, ಸ್ವಲ್ಪ ಆಮೇಲೆ ಮುತ್ತುಗ. ಇವು ನಮ್ಮ ನೆಲದ ಮರಗಳು. ಹೂವಿಗಿಂತ ಹಕ್ಕಿ ಜಾಸ್ತಿ ಇರುತ್ತವೆ ಇವುಗಳ ಮೇಲೆ, ಮಕರಂದಕ್ಕೆ ಮೈನಾ, ಕಾಗೆ, ಸೂರಕ್ಕಿ ಎಲ್ಲಾ ಜಗಳ ಆಡುತ್ತಿರುತ್ತವೆ. ಫೆಬ್ರವರಿ ಮಾರ್ಚಿನಲ್ಲಿ ಟಬೂಬಿಯಾ, ಹಳದಿ ಒಂದು ಕಡೆ, ಗುಲಾಬಿ ಒಂದು ಕಡೆ. ಫೋನಿನಲ್ಲಿ ಎಲ್ಲರೂ ಹಂಚಿಕೊಳ್ಳುವ ಗುಲಾಬಿ ಬೆಂಗಳೂರಿನ ಫೋಟೋ ಇದರದ್ದೇ. ಅದರ ಹಿಂದೆಯೇ ನೇರಳೆ ಬಣ್ಣದ ಜಕರಂಡಾ. ಹೊಂಗೆಯ ಹೊಸ ಎಲೆಯ ತಿಳಿ ಹಸಿರು ಕೂಡ ಇದೇ ಹೊತ್ತಿಗೆ. ನನ್ನ ಕಣ್ಣಿಗೆ ಜಕರಂಡಾಕ್ಕಿಂತ ಅದೇ ಚೆಂದ, ಆದರೆ ಹೊಂಗೆ ನೋಡೋಕೆ ಬೆಂಗಳೂರಿಗೆ ಬನ್ನಿ ಅಂದರೆ ಹಳ್ಳಿಯವರು ನಗುತ್ತಾರೆ.

ಏಪ್ರಿಲ್ ಮೇ ಬಂದರೆ ಗುಲ್‌ಮೊಹರ್ ಕೆಂಪು, ಕಾಪರ್ ಪಾಡ್ ಹಳದಿ, ಕಕ್ಕೆಯ ಜೋತು ಬಿದ್ದ ಹಳದಿ ಗೊಂಚಲು, ಹೊಳೆದಾಸವಾಳದ ನೇರಳೆ. ಬಿಸಿಲು ಇರುತ್ತದೆ, ನಿಜ. ಆದರೆ ವರ್ಷದಲ್ಲಿ ಇಷ್ಟು ಬಣ್ಣ ಒಟ್ಟಿಗೆ ಸಿಗುವುದು ಇದೊಂದೇ ಹೊತ್ತಿನಲ್ಲಿ. ಜೊತೆಗೆ ಮಾವಿನ ಮೇಳವೂ ಸಾಮಾನ್ಯವಾಗಿ ಈ ಸಮಯಕ್ಕೇ ಲಾಲ್‌ಬಾಗ್‌ನಲ್ಲಿ ಬೀಳುತ್ತದೆ, ಆ ವಾರ ಹೋದರೆ ಬರುವಾಗ ಕೈ ಖಾಲಿ ಇರುವುದಿಲ್ಲ.

ಜೂನ್ ಜುಲೈ ನಾನು ಬಿಟ್ಟುಬಿಡುತ್ತೇನೆ. ಮಳೆ ನೋಡೋಕೆ ಹೋಗೋದಾದರೆ ಹೋಗಿ.

ಸೆಪ್ಟೆಂಬರ್ ಅಕ್ಟೋಬರ್ ಅನ್ನು ಮಾತ್ರ ತಪ್ಪಿಸಬೇಡಿ. ಕೊಲ್ವಿಲಿಯಾ ಅಂತ ಒಂದು ಮರವಿದೆ, ಗುಲ್‌ಮೊಹರ್ ಥರಾನೇ ಮಡಗಾಸ್ಕರ್‌ನಿಂದ ಬಂದದ್ದು. ಹೂ ಇಲ್ಲದಾಗ ಎರಡನ್ನೂ ಬೇರೆ ಮಾಡೋದು ಕಷ್ಟ, ಎಲೆ ಅಷ್ಟು ಒಂದೇ ಥರ. ಮಳೆಗಾಲ ಮುಗಿಯುವ ಹೊತ್ತಿಗೆ ಇದರ ಕೊಂಬೆಗಳಿಂದ ಕಿತ್ತಳೆ ಬಣ್ಣದ ಮೊಗ್ಗಿನ ಗೊಂಚಲು ದ್ರಾಕ್ಷಿ ಗೊನೆ ತರಹ ನೇತಾಡುತ್ತದೆ. ಮೊಗ್ಗು ಅರಳುವುದಕ್ಕಿಂತ ಮುಂಚೆಯೇ ಅಷ್ಟು ಬಣ್ಣ. ಅದರ ಹಿಂದೆ ನೀರುಕಾಯಿ ಮರ. ಚಿಕ್ಕವರಿದ್ದಾಗ ಅದರ ಮೊಗ್ಗು ಹಿಸುಕಿ ಒಬ್ಬರ ಮುಖಕ್ಕೆ ಒಬ್ಬರು ನೀರು ಹಾರಿಸಿದ್ದು ನೆನಪಿದೆಯಾ? ಅದೇ ಮರ. ನವೆಂಬರ್ ಹೊತ್ತಿಗೆ ಆಕಾಶಮಲ್ಲಿಗೆ. ಇದಕ್ಕೆ ಮೇಲೆ ನೋಡೋದೇ ಬೇಡ. ಬೆಳಗ್ಗೆ ನೆಲ ಬೆಳ್ಳಗಿದ್ದರೆ ಮರ ಅಲ್ಲೇ ಇದೆ ಅಂತ ಅರ್ಥ. ಉದ್ದ ಕೊಳವೆಯಂಥ ಹೂವು, ದಾರ ಇಲ್ಲದೆ ಜಡೆ ಥರ ಹೆಣೆಯಬಹುದು. ಬಿದ್ದದ್ದನ್ನು ಆರಿಸಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ.

ಯಾವ ಗೇಟು, ಎಷ್ಟು ಹೊತ್ತಿಗೆ

ಲಾಲ್‌ಬಾಗ್ ಸುಮಾರು 240 ಎಕರೆ. ನಾಲ್ಕು ದಿಕ್ಕಿಗೂ ಗೇಟುಗಳಿವೆ. ಯಾವ ಗೇಟಿನಿಂದ ಒಳಗೆ ಹೋಗುತ್ತೀರಿ ಅನ್ನೋದರ ಮೇಲೆ ಎಷ್ಟು ನಡೆಯಬೇಕು ಅನ್ನೋದು ನಿಂತಿದೆ. ಮೆಟ್ರೋದಲ್ಲಿ ಬರುವವರು ಹಸಿರು ಮಾರ್ಗದ ಲಾಲ್‌ಬಾಗ್ ಸ್ಟೇಷನ್‌ನಲ್ಲಿ ಇಳಿದರೆ ಪಶ್ಚಿಮದ ಗೇಟು ಪಕ್ಕದಲ್ಲೇ. ಅಲ್ಲಿಂದ ಕೆರೆ ಹತ್ತಿರ. ಮರ ನೋಡೋಕೆ ಹೋಗುವವರಿಗೆ ಇದೇ ಅನುಕೂಲ. ಬರೀ ಗಾಜಿನ ಮನೆ ನೋಡಬೇಕು, ಮನೆಯಲ್ಲಿ ಮಂಡಿನೋವಿನವರಿದ್ದಾರೆ ಅಂದರೆ ಮುಖ್ಯ ದ್ವಾರದಿಂದ ಹೋಗಿ. ಕಾರು ತರುವ ಯೋಚನೆ ಇದ್ದರೆ ಫ್ಲವರ್ ಶೋ ದಿನಗಳಲ್ಲಿ ಆ ಯೋಚನೆ ಮನೆಯಲ್ಲೇ ಬಿಟ್ಟು ಬನ್ನಿ.

ಬೆಳಗ್ಗೆ ಆರಕ್ಕೆ ಗೇಟು ತೆರೆಯುತ್ತದೆ. ಆರೂವರೆಗೆ ಒಳಗಿರಿ. ವಾಕಿಂಗ್ ಮಾಡುವವರು ತುಂಬ ಇರುತ್ತಾರೆ, ಆದರೆ ಅವರು ಮರ ನೋಡುವುದಿಲ್ಲ, ಗಡಿಯಾರ ನೋಡುತ್ತಾರೆ. ನಿಮಗೆ ಅಡ್ಡ ಬರುವುದಿಲ್ಲ. ಟಿಕೆಟ್ ದರ ಆಗಾಗ ಬದಲಾಗುತ್ತದೆ, ಶೋ ಸಮಯದಲ್ಲಿ ಜಾಸ್ತಿಯೂ ಆಗುತ್ತದೆ, ಹೊರಡುವ ಮುಂಚೆ ಒಮ್ಮೆ ಫೋನಿನಲ್ಲಿ ನೋಡಿಕೊಳ್ಳಿ.

ಬೆಳಗ್ಗೆ ಬೇಗ ಅನ್ನೋದಕ್ಕೆ ಇನ್ನೊಂದು ಕಾರಣವಿದೆ. ಕೆಲವು ಹೂವು ರಾತ್ರಿ ಅರಳಿ ಬೆಳಗ್ಗೆ ಉದುರುತ್ತವೆ. ಒಂಬತ್ತು ಗಂಟೆಗೆ ಗುಡಿಸುವವರು ಬಂದು ಹೋದ ಮೇಲೆ ನೀವು ಹೋದರೆ ಸಿಗೋದು ಕಸದ ಗುಡ್ಡೆಯಲ್ಲಿ ಮಾತ್ರ.

ಮೇಲೆ ಅಲ್ಲ, ಬುಡ ನೋಡಿ

ಇದನ್ನು ನನಗೆ ಹೇಳಿಕೊಟ್ಟವರು ಅಲ್ಲಿ ಎಲೆ ಗುಡಿಸುತ್ತಿದ್ದ ಒಬ್ಬ ಅಜ್ಜಿ. ಕತ್ತು ನೋಯುವ ಹಾಗೆ ಮೇಲೆ ನೋಡುತ್ತಾ ತಿರುಗುತ್ತಿದ್ದೆ. "ಏನ್ ಹುಡುಕ್ತಿದ್ದೀಯಪ್ಪ?" ಅಂದರು. ಹೂವು ಅಜ್ಜಿ, ಅಂದೆ. ಪೊರಕೆಯಲ್ಲೇ ತೋರಿಸಿದರು. "ಅಲ್ ನೋಡು, ಕಾಂಡಕ್ಕೇ ಅಂಟ್ಕೊಂಡೈತೆ."

ಹೂವು ಕಾಯಿ ಕೊಂಬೆ ತುದಿಯಲ್ಲೇ ಇರಬೇಕು ಅಂತ ನಮ್ಮ ತಲೆಯಲ್ಲಿ ಕೂತಿದೆ. ಹಲಸು ಕಂಡವರು ಹಾಗೆ ಅಂದುಕೊಳ್ಳಬಾರದು, ಅಲ್ವಾ? ಕಾಡಿನ ಮರಗಳಲ್ಲಿ ಕಾಂಡಕ್ಕೇ ಹೂವು ಬಿಡುವ ಜಾತಿಗಳು ಸಾಕಷ್ಟಿವೆ. ಲಾಲ್‌ಬಾಗ್‌ನಲ್ಲಿ ಅಂಥವನ್ನು ಹುಡುಕಿಕೊಂಡು ಹೋಗೋದೇ ಒಂದು ಒಳ್ಳೆ ಆಟ.

ನಾಗಲಿಂಗ ಪುಷ್ಪದಿಂದ ಶುರು ಮಾಡಿ. ನಮ್ಮ ಈಶ್ವರನ ಗುಡಿಗಳ ಹಿತ್ತಲಲ್ಲಿ ಇರುವುದರಿಂದ ಇದು ಪುರಾಣ ಕಾಲದಿಂದ ನಮ್ಮದೇ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಮರ ದಕ್ಷಿಣ ಅಮೆರಿಕದ್ದು. ಹೂವು ಒಂದೇ ದಿನ ಇರುತ್ತದೆ. ನೆಲಕ್ಕೆ ಬಿದ್ದ ಹೊಸ ಹೂವೊಂದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ದಪ್ಪ, ಮೇಣದಂಥ ಆರು ದಳ. ಮಧ್ಯೆ ಬಟ್ಟಲಿನ ಹಾಗೆ ಒಂದು ಉಂಗುರ, ಅದರ ನಡುವೆ ಚಿಕ್ಕ ಲಿಂಗ. ಉಂಗುರದ ಒಂದು ಅಂಚು ಉದ್ದವಾಗಿ ಬೆಳೆದು, ಬಾಗಿ, ಹೆಡೆಯ ಥರ ಲಿಂಗದ ಮೇಲೆ ಕವಿದಿರುತ್ತದೆ. ಈಗ ಹೆಡೆಯನ್ನು ಬೆರಳಿನಿಂದ ಮೆಲ್ಲಗೆ ಮೇಲೆತ್ತಿ. ಒಳಗೆ ಎರಡು ಥರದ ಕೇಸರ ಕಾಣುತ್ತದೆ. ಲಿಂಗದ ಸುತ್ತ ಇರುವ ಗಿಡ್ಡ ಕೇಸರದ ಪರಾಗದಿಂದ ಕಾಯಿ ಕಟ್ಟುತ್ತದೆ. ಹೆಡೆಯಲ್ಲಿರುವ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಅದು ಬರೀ ದುಂಬಿಗೆ ಊಟ. ಈ ಹೂವಿನಲ್ಲಿ ಮಕರಂದ ಇಲ್ಲ. ಅದಕ್ಕೆ ಬಂದವರಿಗೆ ತಿನ್ನೋಕೆ ಬೇರೆ ಪರಾಗ ಇಟ್ಟಿದೆ. ದುಂಬಿ ಹೆಡೆಯ ಕೆಳಗೆ ನುಗ್ಗಿ ತಿನ್ನುವಾಗ ಬೆನ್ನಿಗೆ ನಿಜವಾದ ಪರಾಗ ಮೆತ್ತಿಕೊಳ್ಳುತ್ತದೆ. ಲಿಂಗದ ಕಥೆ ಕೇಳಿ ಕೈ ಮುಗಿಯುವ ನಾವು ಈ ಅಡುಗೆಮನೆ ಲೆಕ್ಕ ನೋಡೇ ಇರುವುದಿಲ್ಲ.

ಒಂದು ಎಚ್ಚರಿಕೆ: ಕಾಯಿ ನೇತಾಡುತ್ತಿರುವ ನಾಗಲಿಂಗದ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳಬೇಡಿ. ಫಿರಂಗಿ ಗುಂಡಿನಷ್ಟು ದಪ್ಪ, ಭಾರವೂ ಹಾಗೇ. ಬಿದ್ದು ಒಡೆದ ಕಾಯಿಯ ನಾತವಂತೂ ಕೇಳಬೇಡಿ. ಅಷ್ಟು ಘಮಘಮ ಹೂವಿಗೆ ಇಂಥ ಕಾಯಿ.

ಮುಂದೆ ಮರಸೌತೆ, ಆನೆತೊರಡು ಕಾಯಿ ಅಂತಲೂ ಅನ್ನುತ್ತಾರೆ. ಆಫ್ರಿಕಾದ ಮರ. ಹಗ್ಗದಂಥ ಉದ್ದ ತೊಟ್ಟಿಗೆ ದೊಡ್ಡ ಸೌತೆಕಾಯಿ ಕಟ್ಟಿ ಇಳಿಬಿಟ್ಟ ಹಾಗೆ ಕಾಣುತ್ತದೆ. ತಿಂಗಳುಗಟ್ಟಲೆ ಹಾಗೇ ತೂಗುತ್ತಿರುತ್ತದೆ, ಹಾಗಾಗಿ ಕಾಯಿ ಯಾವಾಗ ಹೋದರೂ ಸಿಗಬಹುದು. ಹೂವು ಮಾತ್ರ ಹಟಮಾರಿ. ರಾತ್ರಿ ಅರಳುತ್ತದೆ, ಬಾವಲಿ ಬಂದು ಪರಾಗಸ್ಪರ್ಶ ಮಾಡುತ್ತದೆ, ಬೆಳಗಾದರೆ ಕೆಳಗೆ ಬಿದ್ದಿರುತ್ತದೆ. ಒಣ ರಕ್ತದ ಬಣ್ಣದ, ಅಂಗೈಯಗಲದ ಹೂವು. ನಾನು ಮೊದಲು ನೋಡಿದಾಗ ಯಾರೋ ಮಾಂಸದ ಚೂರು ಎಸೆದಿದ್ದಾರೆ ಅಂದುಕೊಂಡು ದಾಟಿ ಹೋಗಿದ್ದೆ.

ಮೇಣದಬತ್ತಿ ಮರ ಅಂತ ಇನ್ನೊಂದು ಇದೆ, ಪನಾಮಾ ದೇಶದ್ದು. ಕಾಂಡದಿಂದಲೇ ಹಳದಿ ಕಾಯಿಗಳು ನೇರ ಇಳಿಬಿದ್ದಿರುತ್ತವೆ, ಅಂಗಡಿಯಲ್ಲಿ ಬತ್ತಿ ನೇತುಹಾಕಿದ ಹಾಗೇ. ಮಕ್ಕಳಿಗೆ ತೋರಿಸಿದರೆ ಹಚ್ಚಬಹುದಾ ಅಂತ ಕೇಳೇ ಕೇಳುತ್ತಾರೆ.

ಬೇಸಿಗೆ ಹತ್ತಿರ ಹೋದರೆ ಬ್ರೌನಿಯಾ ಹುಡುಕಿ. ಕೆಂಪು ಹೂವಿನ ಚೆಂಡು ಎಲೆಯ ಒಳಗೆ ಬಚ್ಚಿಟ್ಟುಕೊಂಡಿರುತ್ತದೆ, ಕೊಂಬೆಯ ಕೆಳಗೆ ಹೋಗಿ ನಿಂತರೇ ಕಾಣೋದು. ಇದರ ಎಳೆ ಎಲೆ ಹೂವಿಗಿಂತ ವಿಚಿತ್ರ. ಚಿಗುರು ನೆಟ್ಟಗೆ ನಿಲ್ಲದೆ ಒದ್ದೆ ಕರವಸ್ತ್ರದ ಥರ ಸೋತು ಜೋತು ಬಿದ್ದಿರುತ್ತದೆ. ಮರಕ್ಕೆ ರೋಗ ಬಂದಿದೆ ಅನ್ನಿಸುತ್ತದೆ. ಕೆಲವು ದಿನ ಬಿಟ್ಟು ಬಂದರೆ ಅದೇ ಎಲೆ ಹಸಿರಾಗಿ, ಗಟ್ಟಿಯಾಗಿ ಎದ್ದು ನಿಂತಿರುತ್ತದೆ. ಸೀತಾಶೋಕದ್ದೂ ಇದೇ ಚಾಳಿ. ಅಂದ ಹಾಗೆ ಅಶೋಕ ಅಂದರೆ ಅಪಾರ್ಟ್‌ಮೆಂಟ್ ಕಾಂಪೌಂಡಿಗೆ ಸಾಲಾಗಿ ನೆಡುವ ಆ ಉದ್ದುದ್ದ ಕಂಬದಂಥ ಮರ ಅಲ್ಲ. ಸೀತೆ ಕೂತಿದ್ದಳು ಅನ್ನುವ ಅಶೋಕ ಇದು, ಗುಂಡಗೆ ಹರಡಿಕೊಂಡು, ಹಳೆ ಕೊಂಬೆಗಳಿಗೆ ಕಿತ್ತಳೆ ಹೂವಿನ ಗೊಂಚಲು ಅಂಟಿಸಿಕೊಂಡಿರುತ್ತದೆ.

ಒಂದೇ ದಿನ ಇವೆಲ್ಲ ಸಿಗುತ್ತವೆ ಅಂತ ಹೊರಡಬೇಡಿ. ಎರಡು ಸಿಕ್ಕರೆ ಒಳ್ಳೆ ದಿನ. ಮರಗಳಿಗೆ ಹೆಸರಿನ ಫಲಕ ಇರುತ್ತದೆ, ಎಲ್ಲದಕ್ಕೂ ಇಲ್ಲ. ಫೋನಿನ ಆ್ಯಪ್ ಅರ್ಧ ಸಲ ಸರಿ ಹೇಳುತ್ತದೆ, ಅರ್ಧ ಸಲ ಧೈರ್ಯವಾಗಿ ತಪ್ಪು ಹೇಳುತ್ತದೆ. ಎಲೆ, ತೊಗಟೆ, ಕಾಯಿ ಮೂರರದ್ದೂ ಫೋಟೋ ತೆಗೆದುಕೊಂಡು ಬಂದು ಮನೆಯಲ್ಲಿ ಕೂತು ಹೋಲಿಸೋದು ಒಳ್ಳೆಯದು. ಗುಡಿಸುವವರನ್ನು, ಮಾಲಿಗಳನ್ನು ಕೇಳಿ. ಪುಸ್ತಕದ ಹೆಸರು ಗೊತ್ತಿರಲಿಕ್ಕಿಲ್ಲ, ಯಾವ ಮರ ಯಾವ ವಾರ ಕಸ ಜಾಸ್ತಿ ಮಾಡುತ್ತದೆ ಅನ್ನೋದು ಅವರಿಗೆ ಬಾಯಿಪಾಠ.

ನಿಂತು ನೋಡಬೇಕಾದ ಮುದಿಯರು

ಮರ ಹೂ ಬಿಡದ ತಿಂಗಳಲ್ಲಿ ಹೋಗಿದ್ದೀರಾ? ಪರವಾಗಿಲ್ಲ. ದೊಡ್ಡ ಬಿಳಿ ಬೂರುಗದ ಮರ ಎಲ್ಲಿ ಅಂತ ಯಾರನ್ನಾದರೂ ಕೇಳಿ, ತೋರಿಸುತ್ತಾರೆ. ಬುಡದಲ್ಲಿ ಬೇರುಗಳು ಗೋಡೆಯ ಹಾಗೆ ಎದ್ದಿವೆ, ಒಂದು ಗೋಡೆಯ ಹಿಂದೆ ಮನುಷ್ಯ ನಿಂತರೆ ಈ ಕಡೆಯವರಿಗೆ ಕಾಣುವುದಿಲ್ಲ. ಮೇಲಿನ ಕೊಂಬೆಗಳಲ್ಲಿ ಹೆಜ್ಜೇನು ಕಟ್ಟಿದ್ದರೆ ದೂರದಿಂದಲೇ ನೋಡಿ ಬನ್ನಿ. ಗಲಾಟೆ, ಕಲ್ಲು, ಹೊಗೆ, ಮೂರೂ ಬೇಡ.

ಗಾಜಿನ ಮನೆ ಹತ್ತಿರ ಕ್ರಿಸ್‌ಮಸ್ ಮರ ಅಂತ ಜನ ಕರೆಯುವ ಎತ್ತರದ ಅರಾಕೇರಿಯಾಗಳಿವೆ. ಸ್ವಲ್ಪ ದೂರ ಹೋಗಿ ನಿಂತು, ಮರ ನೆಟ್ಟಗಿದೆಯಾ ಅಂತ ಕಣ್ಣಳತೆ ಮಾಡಿ. ಈ ಜಾತಿಗೆ ಭೂಮಧ್ಯರೇಖೆಯ ಕಡೆ ವಾಲುವ ಚಟ ಇದೆ ಅಂತ 2017ರಲ್ಲಿ ವಿಜ್ಞಾನಿಗಳು ಬೇರೆ ಬೇರೆ ದೇಶಗಳ ಮರ ಅಳೆದು ಹೇಳಿದ್ದಾರೆ. ಅಂದರೆ ನಮ್ಮಲ್ಲಿ ದಕ್ಷಿಣಕ್ಕೆ. ರೇಖೆಯಿಂದ ದೂರ ಹೋದಷ್ಟೂ ವಾಲು ಜಾಸ್ತಿ, ಹಾಗಾಗಿ ಬೆಂಗಳೂರಿನಲ್ಲಿ ಅಷ್ಟೇನೂ ಎದ್ದು ಕಾಣದಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ಕಲ್ಲಾಗಿ ಹೋದ ಮರದ ತುಂಡೊಂದನ್ನೂ ಇಟ್ಟಿದ್ದಾರೆ, ತಮಿಳುನಾಡಿನ ತಿರುವಕ್ಕರೈನಿಂದ ತಂದದ್ದು, ಸುಮಾರು 2 ಕೋಟಿ ವರ್ಷ ಹಳೆಯದು. ಮುಟ್ಟಿದರೆ ಕಲ್ಲು, ನೋಡಿದರೆ ಸೌದೆ. ಅದನ್ನು ನೋಡಿ ಅಬ್ಬಾ ಅಂದವರು ಕೆಂಪೇಗೌಡ ಗೋಪುರ ಇರುವ ಬಂಡೆ ಹತ್ತಿ. ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಜನ ಅದರ ಮೇಲೆ ಕೂತು ಚುರುಮುರಿ ತಿನ್ನುತ್ತಿರುತ್ತಾರೆ. ಸಂಜೆ ಹೋದರೆ ಅಲ್ಲಿಂದ ಇಳಿಯುವಾಗ ಮಳೆಮರದ ಎಲೆ ನೋಡಿ, ಬೆಳಕು ಕಮ್ಮಿಯಾದ ಹಾಗೆ ಜೋಡಿ ಜೋಡಿಯಾಗಿ ಮಡಚಿಕೊಂಡು ಮಲಗುತ್ತವೆ.

ತರಕಾರಿ ವಿಷಯಕ್ಕೂ ಲಾಲ್‌ಬಾಗ್‌ಗೂ ನಂಟಿದೆ. ಹೈದರಾಲಿ 1760ರ ಸುಮಾರಿಗೆ ಶುರು ಮಾಡಿ, ಟಿಪ್ಪು ಬೆಳೆಸಿದ ಈ ತೋಟ 1856ರಲ್ಲಿ ಸರ್ಕಾರಿ ಸಸ್ಯತೋಟ ಆಯಿತು. ಆಮೇಲೆ ತೋಟದ ಮೇಲ್ವಿಚಾರಕರಾಗಿ ಬಂದ ಜಾನ್ ಕ್ಯಾಮೆರಾನ್ ಹೊರದೇಶದ ಗಿಡಗಳನ್ನು ತರಿಸಿ ಇಲ್ಲಿ ಬೆಳೆಸಿ ನೋಡಿದರು. ಸೀಮೆಬದನೆ ನಮ್ಮ ಸಾಂಬಾರಿಗೆ ಬಂದದ್ದು ಹಾಗೆ. ತಮಿಳರು ಈಗಲೂ ಅದನ್ನು ಬೆಂಗಳೂರು ಕತ್ತರಿಕಾಯಿ ಅಂತಾರೆ. ಮನೆಯಲ್ಲಿ ಸೀಮೆಬದನೆ ಮಾಡಿದ ದಿನ ಮಕ್ಕಳು ಮುಖ ಸಿಂಡರಿಸಿದರೆ ಬೈಗುಳ ಯಾರಿಗೆ ಹೋಗಬೇಕು ಅಂತ ಈಗ ಗೊತ್ತಾಯ್ತಲ್ಲ.

ಈಗ ಫ್ಲವರ್ ಶೋ

ವರ್ಷಕ್ಕೆ ಎರಡು: ಗಣರಾಜ್ಯೋತ್ಸವಕ್ಕೆ ಜನವರಿಯಲ್ಲಿ, ಸ್ವಾತಂತ್ರ್ಯ ದಿನಕ್ಕೆ ಆಗಸ್ಟ್‌ನಲ್ಲಿ. ಒಂದಕ್ಕೇ ಹೋಗೋದು ಅಂದರೆ ಜನವರಿಯದ್ದು ಆರಿಸಿಕೊಳ್ಳಿ. ಚಳಿಗಾಲದ ಹೂಗಿಡಗಳು, ಪೆಟೂನಿಯಾ, ಸಾಲ್ವಿಯಾ, ಫ್ಲಾಕ್ಸ್, ಚೆಂಡು ಹೂವು, ಎಲ್ಲಾ ಪಾತಿಗಳಲ್ಲಿ ತುಂಬಿಕೊಂಡಿರುತ್ತವೆ, ನೆಲ ಒಣಗಿರುತ್ತದೆ. ಆಗಸ್ಟ್‌ನಲ್ಲಿ ಮಳೆ ಬಂದರೆ ಕೆಸರು, ಕೊಡೆ, ಒದ್ದೆ ಚಪ್ಪಲಿ. ಜನ ಮಾತ್ರ ಎರಡಕ್ಕೂ ಅಷ್ಟೇ.

ಗಾಜಿನ ಮನೆಯ ಒಳಗೆ ಪ್ರತಿ ಸಲ ಒಂದು ವಿಷಯ ಇಟ್ಟುಕೊಂಡು ಹೂವಿನಲ್ಲಿ ದೊಡ್ಡ ಆಕೃತಿ ಕಟ್ಟುತ್ತಾರೆ. 2022ರ ಆಗಸ್ಟ್‌ನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್, 2023ರ ಆಗಸ್ಟ್‌ನಲ್ಲಿ ಕೆಂಗಲ್ ಹನುಮಂತಯ್ಯ ಮತ್ತು ವಿಧಾನಸೌಧ, 2024ರ ಜನವರಿಯಲ್ಲಿ ಬಸವಣ್ಣ ಮತ್ತು ವಚನ ಸಾಹಿತ್ಯ. ಅಪ್ಪು ಶೋಗೆ ಬಂದ ಜನಸಾಗರ ನೋಡಿದವರು ಇನ್ನೂ ಅದರ ಮಾತಾಡುತ್ತಾರೆ.

ಕತ್ತರಿಸಿದ ಹೂವು ಅದು, ಗಿಡದ್ದಲ್ಲ. ಹಾಗಾಗಿ ಬಾಡುತ್ತದೆ. ಹತ್ತು ಹನ್ನೊಂದು ದಿನ ನಡೆಯುವ ಶೋನಲ್ಲಿ ಮಧ್ಯೆ ಹೂವು ಬದಲಾಯಿಸುತ್ತಾರೆ. ಶುರುವಾದ ಮೊದಲ ಎರಡು ಮೂರು ದಿನ, ಅದೂ ವಾರದ ನಡುವೆ ಸಿಕ್ಕರೆ ಬಿಡಬೇಡಿ. ತಪ್ಪಿದರೆ ಹೂವು ಬದಲಾಯಿಸಿದ ಮಾರನೇ ದಿನ. ಪೇಪರಿನಲ್ಲಿ ಬಂದಿರುತ್ತದೆ. ಬೆಳಗ್ಗೆ ಗೇಟು ತೆರೆಯುವಾಗಲೇ ಹೋಗಿ. ಹತ್ತರ ಮೇಲೆ ಯೂನಿಫಾರಂ ಹಾಕಿದ ಶಾಲೆ ಮಕ್ಕಳ ಸಾಲು ಬರುತ್ತದೆ, ಅವರ ಖುಷಿ ನೋಡೋಕೆ ಚೆಂದ, ಅವರ ಮಧ್ಯೆ ಸಿಕ್ಕಿಕೊಳ್ಳೋದು ಅಷ್ಟು ಚೆಂದ ಅಲ್ಲ. ಶನಿವಾರ, ಭಾನುವಾರ, ಕೊನೆ ದಿನ ಬೇಡವೇ ಬೇಡ.

ಒಳಗೆ ಹೋದ ಮೇಲೆ ಎಲ್ಲರೂ ನುಗ್ಗುವುದು ಮಧ್ಯದ ದೊಡ್ಡ ಆಕೃತಿಗೆ. ನೀವು ಒಂದು ನಿಮಿಷ ತಲೆ ಎತ್ತಿ ಕಟ್ಟಡ ನೋಡಿ. 1889ರಲ್ಲಿ ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ್ದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು. ಆ ಪ್ಯಾಲೇಸ್ 1936ರಲ್ಲಿ ಸುಟ್ಟು ಹೋಯಿತು, ನಮ್ಮದು ನಿಂತಿದೆ. ಆಮೇಲೆ ಪಕ್ಕದ ಸಾಲುಗಳಿಗೆ ಹೋಗಿ. ಅಲ್ಲಿ ಕುಂಡಗಳಲ್ಲಿ ಇಟ್ಟ ಆರ್ಕಿಡ್, ಆಂಥೂರಿಯಂ, ಬಿಗೋನಿಯಾಗಳನ್ನು ಹತ್ತಿರದಿಂದ ನೋಡಬಹುದು, ಯಾರೂ ತಳ್ಳುವುದಿಲ್ಲ.

ನನಗೆ ಇಡೀ ಶೋನಲ್ಲಿ ತುಂಬ ಇಷ್ಟ ಅಂದರೆ ಸ್ಪರ್ಧೆಗಳ ವಿಭಾಗ. ಇಕೆಬಾನ ಅನ್ನೋ ಜಪಾನಿ ಹೂ ಜೋಡಣೆ, ಬೋನ್ಸಾಯ್, ತರಕಾರಿ ಕೆತ್ತನೆ. ಯಾರೋ ಗೃಹಿಣಿ ರಾತ್ರಿಯೆಲ್ಲಾ ಕೂತು ಕುಂಬಳಕಾಯಿಯಲ್ಲಿ ನವಿಲು ಕೆತ್ತಿರುತ್ತಾರೆ. ಗಾಜಿನ ಮನೆಗೆ ಲಕ್ಷಗಟ್ಟಲೆ ಹೂವು ಹಾಕಿದ್ದಕ್ಕಿಂತ ಒಂದು ತಟ್ಟೆ, ಎರಡು ಕಡ್ಡಿ, ಒಂದು ಹೂವು ಇಟ್ಟವರ ಕೈ ನನಗೆ ಹೆಚ್ಚು ಹಿಡಿಸುತ್ತದೆ. ಹೋಗುವ ಜನ ಕಮ್ಮಿ, ಹೋದವರು ನಿಧಾನ ನೋಡುತ್ತಾರೆ.

ನೀರಿನ ಬಾಟಲಿ ಸ್ಟೀಲಿನದ್ದು ತನ್ನಿ, ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ. ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ. ಕಳೆದುಹೋದರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. "ಗಾಜಿನ ಮನೆ ಹತ್ತಿರ" ಅನ್ನಬೇಡಿ, ಎಲ್ಲರೂ ಅಲ್ಲೇ ಇರುತ್ತಾರೆ. ನಮ್ಮ ಮನೆಯವರದ್ದು ಹೂವಿನ ಗಡಿಯಾರ.

ಕಬ್ಬನ್ ಪಾರ್ಕು, ಮೈಸೂರು

ಲಾಲ್‌ಬಾಗ್ ಸಸ್ಯತೋಟ, ಕಬ್ಬನ್ ಪಾರ್ಕು ಉದ್ಯಾನ. ಅಲ್ಲಿ ಗಿಡದ ಸಂಗ್ರಹ ಇಷ್ಟು ಇಲ್ಲ, ಆದರೆ ಟಬೂಬಿಯಾ, ಬಿದಿರು ಮೆಳೆ, ದೊಡ್ಡ ದೊಡ್ಡ ಮಳೆಮರಗಳಿಗೆ ಅದೇ ಜಾಗ. 1870ರಲ್ಲಿ ಬ್ರಿಟಿಷ್ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದ್ದು. 1927ರಿಂದ ಇದರ ಸರ್ಕಾರಿ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ, ಆಟೋದವರಿಗೆ ಹಾಗೆ ಹೇಳಿ ನೋಡಿ, ಎಲ್ಲಿಗೆ ಸಾರ್ ಅಂತಾರೆ. ನೇರಳೆ ಮಾರ್ಗದ ಮೆಟ್ರೋ ಸ್ಟೇಷನ್ ಬಾಗಿಲಲ್ಲೇ ಇದೆ. ಭಾನುವಾರ ಒಳಗಿನ ರಸ್ತೆಗಳಲ್ಲಿ ಗಾಡಿ ಬಿಡುವುದಿಲ್ಲ, ಫೆಬ್ರವರಿ ಮಾರ್ಚಿನ ಒಂದು ಭಾನುವಾರ ಅಟ್ಟಾರ ಕಚೇರಿಯ, ಅಂದರೆ ಹೈಕೋರ್ಟಿನ, ಕೆಂಪು ಗೋಡೆ ಹಿಂದೆ ಇಟ್ಟುಕೊಂಡು ಹೂವಿನ ಮರ ನೋಡೋಕೆ ಹೋಗಿ. ಬಿದಿರು ಹೂ ಬಿಡುವುದಕ್ಕೆ ಮಾತ್ರ ಕಾಯಬೇಡಿ. ಕೆಲವು ಜಾತಿ ದಶಕಗಟ್ಟಲೆ ಕಾಯಿಸಿ, ಒಮ್ಮೆ ಹೂ ಬಿಟ್ಟು, ಸತ್ತು ಹೋಗುತ್ತವೆ.

ದಸರಾಕ್ಕೆ ಮೈಸೂರಿಗೆ ಹೋಗುವವರಿದ್ದರೆ ಕುಪ್ಪಣ್ಣ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನ ಇರುತ್ತದೆ. ಸಂಜೆ ದೀಪಾಲಂಕಾರ ನೋಡೋ ಮುಂಚೆ ಒಂದು ಗಂಟೆ ಕೊಟ್ಟರೆ ಸಾಕು.

ಹೊಟ್ಟೆ, ಆಮೇಲೆ ಕುಂಡ

ಲಾಲ್‌ಬಾಗ್‌ನಲ್ಲಿ ಎರಡೂವರೆ ಗಂಟೆ ನಡೆದರೆ ಹಸಿವಾಗುತ್ತದೆ. ಮುಖ್ಯ ದ್ವಾರದ ಕಡೆ ಹೊರಬಿದ್ದರೆ ಎಂಟಿಆರ್ ನಡೆದು ಹೋಗುವಷ್ಟು ದೂರ, ರಜಾದಿನ ಕಾಯೋಕೆ ತಯಾರಿರಬೇಕು. ನಮ್ಮ ಮನೆಯಿಂದ ಚಿತ್ರಾನ್ನದ ಡಬ್ಬಿ ಹೋಗುತ್ತದೆ, ಗೇಟಿನ ಹೊರಗೆ ತಿನ್ನುತ್ತೇವೆ.

ಗಿಡ ಕೊಳ್ಳುವ ಚಪಲ ಇದ್ದರೆ ಪಕ್ಕದ ಸಿದ್ದಾಪುರದ ನರ್ಸರಿಗಳಿಗೆ ಹೋಗಿ. ಶೋ ನೋಡಿದ ಬಿಸಿಯಲ್ಲಿ ಹೂ ತುಂಬಿದ ಗಿಡ ತಂದುಬಿಡುತ್ತೇವೆ, ಎರಡು ವಾರಕ್ಕೆ ಹೂ ಉದುರಿ ಬರೀ ಕಡ್ಡಿ. ಹೂವಿಗಿಂತ ಮೊಗ್ಗು ಜಾಸ್ತಿ ಇರುವ ಗಿಡ ಆರಿಸಿ. ಎಲೆ ತಿರುಗಿಸಿ ಅಡಿಯಲ್ಲಿ ಬಿಳಿ ಹತ್ತಿಯಂಥದ್ದು ಅಂಟಿದೆಯಾ ನೋಡಿ, ಅದು ಹಿಟ್ಟು ತಿಗಣೆ, ಒಂದು ಗಿಡ ತಂದರೆ ಮನೆಯ ಎಲ್ಲ ಕುಂಡಕ್ಕೂ ಹಬ್ಬುತ್ತದೆ. ಕುಂಡದ ತೂತಿನಿಂದ ಬೇರು ಹೊರಗೆ ಇಣುಕುತ್ತಿದ್ದರೆ ಬೇರೆಯದ್ದು ಕೇಳಿ. ರೇಟು ಕೇಳಿದ ಕೂಡಲೇ ಒಪ್ಪಬೇಡಿ, ಮೂರು ಗಿಡ ತಗೊಂಡರೆ ಎಷ್ಟಕ್ಕೆ ಕೊಡ್ತೀಯಣ್ಣ ಅಂತ ಶುರು ಮಾಡಿ.

ಚಿಕ್ಕಮ್ಮ ಕಳೆದ ಸಲ ನಾಗಲಿಂಗದ ಸಸಿ ಕೇಳಿದರು. ನಲವತ್ತು ಅರವತ್ತು ಸೈಟಿನ ಹಿತ್ತಲಿಗೆ ಅದು ಆಗೋದಿಲ್ಲ ಚಿಕ್ಕಮ್ಮ, ಕಾಯಿ ಬಿದ್ದರೆ ಪಕ್ಕದ ಮನೆ ಶೀಟು ಹೋಗುತ್ತದೆ ಅಂತ ಹೇಳಿ ಒಂದು ದುಂಡುಮಲ್ಲಿಗೆ ಕೊಡಿಸಿ ಬಸ್ ಹತ್ತಿಸಿದೆ. ಕುಂಡ ತೊಡೆ ಮೇಲೆ ಇಟ್ಟುಕೊಂಡೇ ದಾವಣಗೆರೆವರೆಗೂ ಹೋದರಂತೆ.